ಲೆಕ್ಕಕ್ಕೆ ಐದು ವ್ಯಾಟ್, ಕಾಯುವುದು ಹತ್ತು

ದಾವಣಗೆರೆಯಲ್ಲಿ ಮನೆಯಲ್ಲೇ ವಾಲ್ವ್ ಆಂಪ್ಲಿಫೈಯರ್ ಕಟ್ಟುವವರು ನನ್ನ ಮೇಜಿಗೆ ತರುವ ದೂರು ಬಹುಪಾಲು ಒಂದೇ: ಪವರ್ ಸಪ್ಲೈ ರೆಸಿಸ್ಟರ್ ಕಾದು ಬೋರ್ಡ್ ಕಪ್ಪಾಗುತ್ತಿದೆ, ಲೆಕ್ಕ ಮಾತ್ರ ಸರಿಯಾಗಿದೆ. ಇಎಲ್84 ಎಂಬ ಪವರ್ ವಾಲ್ವಿನ ಸ್ಟೀರಿಯೊ ಸೆಟ್ ಸುಮಾರು 100 ಮಿಲಿಆಂಪಿಯರ್ ಎಳೆಯುತ್ತದೆ ಎನ್ನೋಣ. 470 ಓಮ್ ರೆಸಿಸ್ಟರಿನಲ್ಲಿ 47 ವೋಲ್ಟ್ ಇಳಿಯುತ್ತದೆ, 4.7 ವ್ಯಾಟ್ ಶಾಖವಾಗುತ್ತದೆ. ಹತ್ತು ವ್ಯಾಟಿನ ಸಿಮೆಂಟ್ ರೆಸಿಸ್ಟರ್ ಧಾರಾಳವಾಯಿತು ಎಂದುಕೊಳ್ಳುತ್ತಾರೆ.

ಎಡವುವುದು ಅದನ್ನು ಕೂರಿಸುವ ಜಾಗದಲ್ಲಿ. ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರಿಗೂ ಅದರ ಏರಿಳಿತವನ್ನು ಸಮಗೊಳಿಸುವ ಮೊದಲ ಕೆಪಾಸಿಟರಿಗೂ ನಡುವೆ ಕರೆಂಟ್ ಒಂದೇ ಸಮನೆ ಹರಿಯುವುದಿಲ್ಲ. ಸೆಕೆಂಡಿಗೆ 100 ಬಾರಿ, ವೋಲ್ಟೇಜ್ ತುದಿ ಮುಟ್ಟಿದಾಗಷ್ಟೇ ಕೆಪಾಸಿಟರ್ ಗುಕ್ಕುಗುಕ್ಕಾಗಿ ತುಂಬಿಕೊಳ್ಳುತ್ತದೆ. ಡಿಸಿ ಮೀಟರ್ ತೋರಿಸುವುದು ಸರಾಸರಿಯನ್ನು. ಶಾಖವಾದರೋ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. ಆರ್‌ಎಂಎಸ್ ಕರೆಂಟ್, ಅಂದರೆ ಶಾಖದ ಲೆಕ್ಕಕ್ಕೆ ಹಿಡಿಯಬೇಕಾದ ಕರೆಂಟ್, ಸರಾಸರಿಯ ಒಂದೂವರೆ ಪಟ್ಟಾದರೂ ಸಾಕು, 4.7 ವ್ಯಾಟ್ ಹತ್ತನ್ನು ದಾಟುತ್ತದೆ. ಅದೇ ರೆಸಿಸ್ಟರನ್ನು ಮೊದಲ ಕೆಪಾಸಿಟರಿನ ಆಚೆಗೆ ಸರಿಸಿದರೆ ಲೆಕ್ಕದಷ್ಟೇ ಕಾಯುತ್ತದೆ. ಆದರೆ ಆಗ ವೋಲ್ಟೇಜ್ ಏರುತ್ತದೆ, ರೆಸಿಸ್ಟರಿನ ಓಮ್ ಬದಲಿಸಬೇಕಾದೀತು. ವಾಲ್ವುಗಳು ಕಾದು ಕರೆಂಟ್ ಎಳೆಯುವವರೆಗಿನ ಪೂರ್ಣ ವೋಲ್ಟೇಜನ್ನು ಆ ಕೆಪಾಸಿಟರ್ ತಾಳುತ್ತದೆಯೇ ಎಂಬುದನ್ನೂ ನೋಡಿ.

ಹಳೆಯ ಟ್ರಾನ್ಸ್‌ಫಾರ್ಮರ್‌ಗಳದು ಇನ್ನೊಂದು ಕಾಟ. 220 ವೋಲ್ಟಿಗೆಂದು ಸುತ್ತಿದ್ದಕ್ಕೆ ಲೈನಿನಲ್ಲಿ 250 ಬಂದರೆ ರೆಸಿಸ್ಟರಿನ ಶಾಖ ಶೇ 30ರ ಹತ್ತಿರ ಹೆಚ್ಚುತ್ತದೆ. ಏಪ್ರಿಲ್‌ನಲ್ಲಿ ನಮ್ಮೂರಿನ ಕೋಣೆಯೇ 40 ಡಿಗ್ರಿಯ ಹತ್ತಿರ ಇರುವಾಗ ಮುಚ್ಚಿದ ಪೆಟ್ಟಿಗೆಯ ಒಳಗೆ ಏನಿದ್ದೀತು? ಹಾಗಾಗಿ ನಾನು ಲೆಕ್ಕದ ಮೂರು ಪಟ್ಟಿಗಿಂತ ಕಡಿಮೆ ವ್ಯಾಟಿನದನ್ನು ಹಾಕುವುದಿಲ್ಲ. ಒಂದರ ಬದಲು ಎರಡನ್ನು ಸರಣಿಯಲ್ಲಿ ಹಾಕಿ ಶಾಖವನ್ನು ಹಂಚುವುದು ಇನ್ನೂ ಮೇಲು. ಅಲ್ಯೂಮಿನಿಯಂ ಕವಚದ ರೆಸಿಸ್ಟರಿನ ಮೇಲಿನ '25 ವ್ಯಾಟ್' ಅದನ್ನು ಚಾಸಿಗೆ, ಅಂದರೆ ಸೆಟ್ಟಿನ ಲೋಹದ ತಳಕ್ಕೆ, ಬೋಲ್ಟ್ ಮಾಡಿದಾಗಿನ ಮಾತು. ತಂತಿಯಲ್ಲಿ ತೂಗುಬಿಟ್ಟರೆ ಅದರ ಅರ್ಧವನ್ನೂ ನಂಬಬೇಡಿ.

ಸಿಮೆಂಟ್ ರೆಸಿಸ್ಟರನ್ನು ಬೋರ್ಡಿನಿಂದ ಒಂದು ಸೆಂಟಿಮೀಟರ್ ಎತ್ತಿ, ಕಾಲುಗಳನ್ನು ಟ್ಯಾಗಿಗೆ (ತಂತಿ ಕೂಡಿಸುವ ಲೋಹದ ಕಿವಿಗೆ) ಸುತ್ತಿಯೇ ಬೆಸುಗೆ ಹಾಕಿ. 60/40 ತವರ-ಸೀಸದ ಬೆಸುಗೆ 183 ಡಿಗ್ರಿಗೇ ಮೆತ್ತಗಾಗತೊಡಗುತ್ತದೆ. ಎಲೆಕ್ಟ್ರೊಲಿಟಿಕ್ ಕೆಪಾಸಿಟರ್ ದೂರವಿರಲಿ: ಹತ್ತು ಡಿಗ್ರಿ ಏರಿದರೆ ಅದರ ಆಯಸ್ಸು ಅರ್ಧಕ್ಕಿಳಿಯುತ್ತದೆ. ಫ್ಯಾನ್ ಹಾಕೋಣವೇ ಎಂದು ಕೇಳುವವರಿದ್ದಾರೆ. ಹಾಡು ಕೇಳಲೆಂದು ಕಟ್ಟಿದ ಪೆಟ್ಟಿಗೆಯಲ್ಲಿ ಫ್ಯಾನಿನ ಗುಂಯ್‌ಗುಡುವಿಕೆಯನ್ನು ನಾನಂತೂ ಸಹಿಸಲಾರೆ.

ಒಂದು ಗಂಟೆ ಹಾಡಿಸಿದ ಮೇಲೆ ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದು ನೋಡಿ, ಬೆರಳಿನಿಂದಲ್ಲ. ಸ್ವಿಚ್ ಆರಿಸಿದರೂ ಕೆಪಾಸಿಟರಿನಲ್ಲಿ 300 ವೋಲ್ಟ್ ಉಳಿದಿರಬಹುದು. 220 ಕಿಲೋಓಮ್, ಎರಡು ವ್ಯಾಟಿನ ಬ್ಲೀಡರ್ (ಕೆಪಾಸಿಟರನ್ನು ಮೆಲ್ಲಗೆ ಬರಿದು ಮಾಡುವ ರೆಸಿಸ್ಟರ್) ಇದ್ದರೂ ಮೀಟರ್ ಸೊನ್ನೆ ತೋರಿಸುವವರೆಗೆ ಒಳಗೆ ಕೈ ಹಾಕಬೇಡಿ.