ಕ್ರೆಡಿಟ್ ಕಾರ್ಡ್: ರಿವಾರ್ಡ್ ಪಾಯಿಂಟ್‌ಗಿಂತ ಮೊದಲು ಗ್ರಾಹಕ ಸೇವೆಯನ್ನು ನೋಡಿ

ಕಾಫಿ ಮಾರಿದ ಹಣ ಕೈಸೇರುವ ಫೆಬ್ರವರಿ, ಮಾರ್ಚ್ ತಿಂಗಳುಗಳಲ್ಲಿ ನನ್ನ ಬಳಿ ಲೆಕ್ಕಪತ್ರ ಮಾಡಿಸುವ ಬೆಳೆಗಾರರೂ ಹೋಂಸ್ಟೇ ನಡೆಸುವವರೂ ತಪ್ಪದೇ ಕೇಳುವ ಪ್ರಶ್ನೆಯೊಂದಿದೆ: ಯಾವ ಬ್ಯಾಂಕಿನ ಕ್ರೆಡಿಟ್ ಕಾರ್ಡ್ ಒಳ್ಳೆಯದು? ಪ್ರಶ್ನೆಯ ಹಿಂದೆಯೇ ಅವರು ಮೊಬೈಲ್ ತೆರೆದು ಎರಡು ಮೂರು ಕಾರ್ಡುಗಳ ರಿವಾರ್ಡ್ ಪಾಯಿಂಟ್, ಪೆಟ್ರೋಲ್ ಮೇಲಿನ ರಿಯಾಯಿತಿ, ವಿಮಾನ ನಿಲ್ದಾಣದ ಲೌಂಜ್ ಇತ್ಯಾದಿಗಳ ಪಟ್ಟಿ ತೋರಿಸುತ್ತಾರೆ. ಆ ಪಟ್ಟಿಯನ್ನು ಬದಿಗಿರಿಸಿ ನಾನು ಕೇಳುವುದು ಒಂದನ್ನೇ. ಜುಲೈ ತಿಂಗಳ ಮಳೆಯ ರಾತ್ರಿ, ಕರೆಂಟೂ ಟವರೂ ಇಲ್ಲದ ಹೊತ್ತಿನಲ್ಲಿ, ನಿಮ್ಮ ಕಾರ್ಡಿನಿಂದ ಯಾರೋ ಹಣ ತೆಗೆದರೆ ಈ ಬ್ಯಾಂಕನ್ನು ನೀವು ಹೇಗೆ ತಲುಪುತ್ತೀರಿ? ಇದಕ್ಕೆ ಸ್ಪಷ್ಟ ಉತ್ತರ ಸಿಗುವ ಬ್ಯಾಂಕಿನ ಕಾರ್ಡನ್ನು, ಅದರ ರಿವಾರ್ಡ್ ಸ್ವಲ್ಪ ಕಡಿಮೆಯಿದ್ದರೂ, ಪಡೆಯಿರಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಬೆಂಗಳೂರಿನಲ್ಲಿ ಕುಳಿತವರಿಗೆ ಈ ಪ್ರಶ್ನೆ ಅಷ್ಟು ತೀವ್ರವಾಗಿ ಕಾಣಲಾರದು. ಕೊಡಗಿನ ಸ್ಥಿತಿ ಬೇರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮರ ಬಿದ್ದು ತಂತಿ ಹರಿದರೆ ದಿನಗಟ್ಟಲೆ ವಿದ್ಯುತ್ ಇರುವುದಿಲ್ಲ, ಅದರ ಹಿಂದೆಯೇ ಮೊಬೈಲ್ ಸಂಪರ್ಕವೂ ಹೋಗುತ್ತದೆ. ತೋಟದ ಮನೆಗಳಲ್ಲಿ ಒಳ್ಳೆಯ ದಿನಗಳಲ್ಲಿಯೂ ಸಿಗ್ನಲ್ ಹುಡುಕಿಕೊಂಡು ಗೇಟಿನ ತನಕ ನಡೆಯಬೇಕಾಗುತ್ತದೆ. ಕೊರಿಯರ್‌ನವರು ಮುಖ್ಯರಸ್ತೆ ಬಿಟ್ಟು ಒಳಗೆ ಬರಲು ಒಪ್ಪುವುದಿಲ್ಲ. ಇಂದಿನ ಕಾರ್ಡ್ ಸೇವೆಯಾದರೋ ಬಹುಮಟ್ಟಿಗೆ ಆ್ಯಪ್ ಮತ್ತು ಎಸ್‌ಎಂಎಸ್ ಮೂಲಕ ಬರುವ ಒಟಿಪಿಯನ್ನು ನಂಬಿ ನಿಂತಿದೆ. ಆದ್ದರಿಂದ ಸೇವೆಯ ಗುಣಮಟ್ಟ ಎಂಬುದನ್ನು ನಾವು ಇಲ್ಲಿ ಮಾತಿನ ಸೌಜನ್ಯದಿಂದ ಅಳೆಯದೆ, ಸಂಪರ್ಕ ಕಡಿದಾಗಲೂ ತೆರೆದಿರುವ ದಾರಿಗಳು ಎಷ್ಟಿವೆ ಎಂಬುದರಿಂದ ಅಳೆಯಬೇಕು.

ಇದು ಹಣದ ವಿಷಯವೂ ಹೌದು, ಏಕೆಂದರೆ ಅನಧಿಕೃತ ವಹಿವಾಟಿನಲ್ಲಿ ಯಾರ ಹೊಣೆ ಎಷ್ಟು ಎಂಬುದು ನೀವು ಎಷ್ಟು ಬೇಗ ತಿಳಿಸಿದಿರಿ ಎಂಬುದನ್ನು ಅವಲಂಬಿಸಿದೆ. ಭಾರತೀಯ ರಿಸರ್ವ್ ಬ್ಯಾಂಕ್ 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆಯ ಪ್ರಕಾರ, ತಪ್ಪು ಬ್ಯಾಂಕಿನದೂ ಅಲ್ಲದೆ ನಿಮ್ಮದೂ ಅಲ್ಲದೆ ಮೂರನೆಯವರಿಂದ ಆದ ವಂಚನೆಯನ್ನು, ಬ್ಯಾಂಕಿನಿಂದ ಸಂದೇಶ ಬಂದ 3 ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕರ ಹೊಣೆ ಶೂನ್ಯ. 4ರಿಂದ 7 ಕೆಲಸದ ದಿನಗಳೊಳಗೆ ತಿಳಿಸಿದರೆ, 5 ಲಕ್ಷ ರೂಪಾಯಿವರೆಗಿನ ಮಿತಿಯ ಕ್ರೆಡಿಟ್ ಕಾರ್ಡಿಗೆ ಹೊಣೆ ಹೆಚ್ಚೆಂದರೆ 10,000 ರೂಪಾಯಿ, ಅದಕ್ಕಿಂತ ಹೆಚ್ಚಿನ ಮಿತಿಯ ಕಾರ್ಡಿಗೆ 25,000 ರೂಪಾಯಿ. 7 ದಿನ ದಾಟಿದರೆ ಆಯಾ ಬ್ಯಾಂಕಿನ ಆಡಳಿತ ಮಂಡಳಿಯ ನೀತಿ ಏನು ಹೇಳುತ್ತದೋ ಅದೇ. ದೂರು ತಲುಪಿದ 10 ಕೆಲಸದ ದಿನಗಳೊಳಗೆ ವಿವಾದಿತ ಮೊತ್ತವನ್ನು ಬ್ಯಾಂಕು ತಾತ್ಕಾಲಿಕವಾಗಿ ಹಿಂದಿರುಗಿಸಬೇಕು, 90 ದಿನಗಳೊಳಗೆ ಇತ್ಯರ್ಥಗೊಳಿಸಬೇಕು, ಗ್ರಾಹಕರದೇ ತಪ್ಪು ಎಂದು ಸಾಧಿಸುವ ಭಾರವೂ ಬ್ಯಾಂಕಿನದೇ. ಒಟಿಪಿಯನ್ನು ನೀವೇ ಯಾರಿಗಾದರೂ ಹೇಳಿದ್ದರೆ ಮಾತ್ರ, ದೂರು ಕೊಡುವವರೆಗಿನ ನಷ್ಟ ನಿಮ್ಮದಾಗುತ್ತದೆ. ದೂರು ಕೊಟ್ಟ ಮೇಲಿನ ನಷ್ಟ ಆಗಲೂ ಬ್ಯಾಂಕಿನದು.

ಈ ದಿನಗಳ ಲೆಕ್ಕ ನಮ್ಮಲ್ಲಿ ಎಷ್ಟು ಬಿಗಿಯಾಗುತ್ತದೆ ಎಂಬುದಕ್ಕೆ ನಾಪೋಕ್ಲು ಕಡೆಯ ಹೋಂಸ್ಟೇ ಒಂದರ ಪ್ರಸಂಗವನ್ನು ಹೇಳುತ್ತೇನೆ. ಮಳೆಗಾಲದ ಒಂದು ರಾತ್ರಿ ಆ ಮನೆಯೊಡತಿಯ ಕಾರ್ಡಿನಲ್ಲಿ ವಿದೇಶಿ ಜಾಲತಾಣವೊಂದರಿಂದ ಎರಡು ವಹಿವಾಟುಗಳು ನಡೆದವು. ವೈಫೈ ಇದ್ದುದರಿಂದ ಇಮೇಲ್ ಬಂತು. ಟವರ್ ಇಲ್ಲದ್ದರಿಂದ ಎಸ್‌ಎಂಎಸ್ ಬರಲಿಲ್ಲ. ಆ್ಯಪ್ ತೆರೆಯಲು ಎಸ್‌ಎಂಎಸ್ ಒಟಿಪಿ ಬೇಕಿತ್ತು. ಮನೆಯ ಸ್ಥಿರ ದೂರವಾಣಿಯಿಂದ ಸಹಾಯವಾಣಿಗೆ ಕರೆ ಮಾಡಿದರೆ, ನೋಂದಾಯಿತ ಮೊಬೈಲಿನಿಂದಲೇ ಕರೆ ಮಾಡಿ ಎಂದು ಧ್ವನಿಮುದ್ರಿತ ಉತ್ತರ ಬಂದು ಕರೆ ಕಡಿಯಿತು. ಮರುದಿನ ಮಡಿಕೇರಿಯ ಶಾಖೆಗೆ ಹೋದರೆ, ಕಾರ್ಡ್ ವಿಭಾಗವೇ ಬೇರೆ, ಇಲ್ಲಿ ಏನೂ ಮಾಡಲಾಗದು ಎಂದರು. ಕೊನೆಗೆ ಆಕೆಯನ್ನು ಉಳಿಸಿದ್ದು ಅದೇ ಬ್ಯಾಂಕಿನ ದೂರು ವಿಭಾಗಕ್ಕೆ ಬರೆದ ಒಂದು ಇಮೇಲ್ ಮತ್ತು ಅದಕ್ಕೆ ತಕ್ಷಣ ಬಂದ, ದೂರು ಸಂಖ್ಯೆಯೂ ಸಮಯವೂ ನಮೂದಾದ ಸ್ವಯಂ ಉತ್ತರ. ಆ ಉತ್ತರ 3 ಕೆಲಸದ ದಿನಗಳ ಒಳಗಿನದಾದ್ದರಿಂದ ಹಣ ಹಿಂದಿರುಗಿತು. ಬ್ಯಾಂಕು ಕೆಟ್ಟದೆಂದು ನಾನು ಹೇಳುತ್ತಿಲ್ಲ. ಆದರೆ ಸಂಪರ್ಕವಿಲ್ಲದ ಮನೆಯಲ್ಲಿ ವಾಸಿಸುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಅದರ ಸೇವೆಯನ್ನು ರೂಪಿಸಿರಲಿಲ್ಲ, ಮತ್ತು ಅದನ್ನು ಕಾರ್ಡ್ ಪಡೆಯುವ ಮೊದಲೇ ಅರ್ಧ ಗಂಟೆಯಲ್ಲಿ ತಿಳಿಯಬಹುದಿತ್ತು.

ಹೇಗೆಂದರೆ, ಅರ್ಜಿ ಹಾಕುವ ಮೊದಲು ಆ ಬ್ಯಾಂಕಿನ ಸಹಾಯವಾಣಿಗೆ ರಾತ್ರಿ ಒಂಬತ್ತರ ನಂತರ, ಸಾಧ್ಯವಾದರೆ ಭಾನುವಾರ, ಒಮ್ಮೆ ಕರೆ ಮಾಡಿ ನೋಡಿ. ಮನುಷ್ಯರ ಧ್ವನಿ ಕೇಳಲು ಎಷ್ಟು ಹೊತ್ತಾಗುತ್ತದೆ, ಕನ್ನಡದಲ್ಲಿ ಮಾತನಾಡುವವರು ಸಿಗುತ್ತಾರೆಯೇ, ಬೇರೆ ಫೋನಿನಿಂದ ಕರೆ ಮಾಡಿದರೆ ಕಾರ್ಡ್ ಬ್ಲಾಕ್ ಮಾಡುತ್ತಾರೆಯೇ ಎಂದು ಕೇಳಿ. ಮನೆಯಲ್ಲಿ ವಯಸ್ಸಾದ ತಂದೆ ತಾಯಿಗೆ ಹೆಚ್ಚುವರಿ ಕಾರ್ಡ್ ಕೊಡಿಸುವ ಉದ್ದೇಶವಿದ್ದರೆ ಕನ್ನಡದ ಪ್ರಶ್ನೆಯನ್ನು ಸಣ್ಣದೆಂದು ಬಿಡಬೇಡಿ. ಗಾಬರಿಯಲ್ಲಿರುವಾಗ ಬೇರೆ ಭಾಷೆಯಲ್ಲಿ ವಿವರಿಸುವುದು ವಿದ್ಯಾವಂತರಿಗೂ ಕಷ್ಟ. ಅನಂತರ ಒಂದು ಸಾಮಾನ್ಯ ವಿಚಾರಣೆಯನ್ನು ಇಮೇಲ್ ಮಾಡಿ, ಉತ್ತರ ಯಾವಾಗ ಬರುತ್ತದೆ, ಅದು ನೀವು ಕೇಳಿದ್ದಕ್ಕೇ ಉತ್ತರವೇ ಅಥವಾ ಮೊದಲೇ ಸಿದ್ಧಪಡಿಸಿಟ್ಟ ಒಕ್ಕಣೆಯೇ ಎಂಬುದನ್ನು ಗಮನಿಸಿ. ಆನ್‌ಲೈನ್, ವಿದೇಶಿ ಮತ್ತು ಕಾಂಟ್ಯಾಕ್ಟ್‌ಲೆಸ್ ವಹಿವಾಟುಗಳನ್ನು ಗ್ರಾಹಕರೇ ಯಾವ ಹೊತ್ತಿನಲ್ಲಾದರೂ ತೆರೆದು ಮುಚ್ಚುವ ಸೌಲಭ್ಯವನ್ನು ಕಾರ್ಡ್ ಕೊಡುವವರು ಒದಗಿಸಬೇಕೆಂಬ ನಿಯಮ 2020ರ ಅಕ್ಟೋಬರ್‌ನಿಂದ ಜಾರಿಯಲ್ಲಿದೆ. ವಿದೇಶಿ ವಹಿವಾಟು ಬೇಕಿಲ್ಲದವರು ಅದನ್ನು ಮುಚ್ಚಿಟ್ಟರೆ ಮೇಲೆ ಹೇಳಿದಂತಹ ಅನೇಕ ಪ್ರಸಂಗಗಳು ಹುಟ್ಟುವುದೇ ಇಲ್ಲ.

ಸಹಾಯವಾಣಿಯ ಸಂಖ್ಯೆಯನ್ನು ಮಾತ್ರ ಇಂಟರ್ನೆಟ್ಟಿನಲ್ಲಿ ಹುಡುಕಬೇಡಿ. ಕಸ್ಟಮರ್ ಕೇರ್ ಎಂದು ಹುಡುಕಿದಾಗ ವಂಚಕರು ಹಾಕಿದ ನಕಲಿ ಸಂಖ್ಯೆಗಳೇ ಮೊದಲು ಕಾಣಿಸುವುದುಂಟು. ಕಾರ್ಡಿನ ಹಿಂಬದಿಯಲ್ಲಿ ಮುದ್ರಿಸಿದ ಸಂಖ್ಯೆಯನ್ನು ಒಂದು ಚೀಟಿಯಲ್ಲಿ ಬರೆದು ಮನೆಯ ಫೋನಿನ ಹತ್ತಿರ ಅಂಟಿಸಿಡಿ, ಏಕೆಂದರೆ ಕಾರ್ಡೇ ಕಳೆದುಹೋದಾಗ ಹಿಂಬದಿ ನೋಡಲು ಸಿಗದು. ರಿಸರ್ವ್ ಬ್ಯಾಂಕಿನ ಸೂಚನೆಯಂತೆ ಬ್ಯಾಂಕುಗಳ ಅಧಿಕೃತ ಜಾಲತಾಣಗಳ ವಿಳಾಸ ಈಗ 'ಡಾಟ್ ಬ್ಯಾಂಕ್ ಡಾಟ್ ಇನ್' ಎಂದು ಮುಗಿಯಬೇಕು; ಸೇವೆಗೆ ಸಂಬಂಧಿಸಿದ ಬ್ಯಾಂಕಿನ ಕರೆಗಳಿಗೆ 1600ರಿಂದ ಆರಂಭವಾಗುವ ಸಂಖ್ಯೆಗಳನ್ನು ಮೀಸಲಿಡಲಾಗಿದೆ. ವಂಚನೆ ನಡೆದರೆ ಬ್ಯಾಂಕಿಗೆ ತಿಳಿಸುವುದರ ಜೊತೆಗೆ ರಾಷ್ಟ್ರೀಯ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೂ ಕರೆ ಮಾಡಬೇಕು.

ಬ್ಯಾಂಕಿನ ಸೇವೆಯ ಬಗ್ಗೆ ಊರಿನವರ ಮಾತು ಕೇಳುವುದು ಒಳ್ಳೆಯದೇ, ಆದರೆ ಒಬ್ಬರ ಸಿಟ್ಟೂ ಇನ್ನೊಬ್ಬರ ಮೆಚ್ಚುಗೆಯೂ ಪೂರ್ಣ ಚಿತ್ರವನ್ನು ಕೊಡುವುದಿಲ್ಲ. ಇದಕ್ಕಿಂತ ಗಟ್ಟಿಯಾದ ಆಧಾರವೊಂದು ಎಲ್ಲರಿಗೂ ತೆರೆದಿದ್ದರೂ ಬಹಳ ಕಡಿಮೆ ಜನ ಬಳಸುತ್ತಾರೆ. 2021ರ ಜನವರಿಯಿಂದ ಬ್ಯಾಂಕುಗಳು ತಮ್ಮ ವಾರ್ಷಿಕ ವರದಿಯಲ್ಲಿ ಗ್ರಾಹಕರ ದೂರುಗಳ ವಿವರವನ್ನು ಪ್ರಕಟಿಸಬೇಕು: ವರ್ಷದಲ್ಲಿ ಬಂದ ದೂರುಗಳೆಷ್ಟು, ಉಳಿದವೆಷ್ಟು, 30 ದಿನ ದಾಟಿಯೂ ಬಾಕಿ ಇರುವವೆಷ್ಟು, ಅತಿ ಹೆಚ್ಚು ದೂರು ಬಂದ ಐದು ವಿಷಯಗಳಾವುವು ಎಂಬೆಲ್ಲವೂ ಅದರಲ್ಲಿರುತ್ತವೆ. ಆ ಐದರಲ್ಲಿ ಕ್ರೆಡಿಟ್ ಕಾರ್ಡ್ ಇದೆಯೇ, ಹಿಂದಿನ ವರ್ಷಕ್ಕಿಂತ ಹೆಚ್ಚಿದೆಯೇ ಎಂದು ನೋಡಿ. ಯಾವ ಬ್ಯಾಂಕು ಎಷ್ಟು ಕ್ರೆಡಿಟ್ ಕಾರ್ಡುಗಳನ್ನು ಕೊಟ್ಟಿದೆ ಎಂಬುದನ್ನು ರಿಸರ್ವ್ ಬ್ಯಾಂಕ್ ಪ್ರತಿ ತಿಂಗಳೂ ಪ್ರಕಟಿಸುತ್ತದೆ. ಕ್ರೆಡಿಟ್ ಕಾರ್ಡ್ ದೂರುಗಳ ಸಂಖ್ಯೆಯನ್ನು ಕಾರ್ಡುಗಳ ಸಂಖ್ಯೆಯಿಂದ ಭಾಗಿಸಿ ಲಕ್ಷದಿಂದ ಗುಣಿಸಿದರೆ ಲಕ್ಷ ಕಾರ್ಡಿಗೆ ಎಷ್ಟು ದೂರು ಎಂಬ ಲೆಕ್ಕ ಸಿಗುತ್ತದೆ. ದೊಡ್ಡ ಬ್ಯಾಂಕಿಗೆ ದೂರುಗಳ ಒಟ್ಟು ಸಂಖ್ಯೆ ಹೆಚ್ಚಿರುವುದು ಸಹಜ; ನೋಡಬೇಕಾದದ್ದು ಈ ಪ್ರಮಾಣವನ್ನು ಮತ್ತು 30 ದಿನ ಮೀರಿ ಉಳಿದವುಗಳನ್ನು. ಹೀಗೆ ಮಾಡಿ ನೋಡಿದಾಗ, ಜಾಹೀರಾತು ನೋಡಿ ಮೂಡಿದ ಅಭಿಪ್ರಾಯ ಹಲವು ಬಾರಿ ತಲೆಕೆಳಗಾಗುತ್ತದೆ.

ಶಾಖೆಯ ವಿಷಯದಲ್ಲಿ ನನ್ನ ಒಲವನ್ನು ಮುಚ್ಚಿಡುವುದಿಲ್ಲ. ವಿರಾಜಪೇಟೆ, ಗೋಣಿಕೊಪ್ಪಲು, ಸೋಮವಾರಪೇಟೆ, ಕುಶಾಲನಗರ, ಹೀಗೆ ನೀವು ಸಂತೆಗೋ ಗೊಬ್ಬರಕ್ಕೋ ಹೋಗುವ ಪೇಟೆಯಲ್ಲಿ ಶಾಖೆಯಿದ್ದು, ಅಲ್ಲಿನವರು ಕಾರ್ಡ್ ಕುರಿತ ಲಿಖಿತ ದೂರನ್ನು ಸ್ವೀಕರಿಸಿ ಮುದ್ರೆ ಹಾಕಿದ ಪ್ರತಿ ಕೊಡುತ್ತಾರೆ ಎಂದಾದರೆ, ಅದಕ್ಕಾಗಿ ವರ್ಷಕ್ಕೆ ಕೆಲವು ನೂರು ರೂಪಾಯಿ ಶುಲ್ಕ ಕೊಡುವುದು ನಷ್ಟವಲ್ಲ. ಆದರೆ ಶಾಖೆ ಇದ್ದ ಮಾತ್ರಕ್ಕೆ ಈ ಸೇವೆ ಇದೆ ಎಂದುಕೊಳ್ಳಬಾರದು, ಅದನ್ನು ಕೇಳಿಯೇ ತಿಳಿಯಬೇಕು. ಅಂಗಡಿ ಸರಣಿಯ ಅಥವಾ ಆನ್‌ಲೈನ್ ಮಳಿಗೆಯ ಹೆಸರು ಹೊತ್ತ ಕಾರ್ಡುಗಳಲ್ಲಿ ಹೊಣೆ ಕಾರ್ಡ್ ನೀಡಿದ ಬ್ಯಾಂಕಿನದೇ. ಮಳಿಗೆಯವರ ಪಾತ್ರ ಪ್ರಚಾರ ಮತ್ತು ಕೊಡುಗೆಗಳಿಗೆ ಸೀಮಿತ. ದೂರನ್ನು ಮಳಿಗೆಗೆ ಬರೆದು ವಾರಗಟ್ಟಲೆ ಕಾದು ಕುಳಿತವರನ್ನು ನಾನು ನೋಡಿದ್ದೇನೆ.

ಅರ್ಜಿಯ ಹಂತದಲ್ಲಿಯೇ ಬ್ಯಾಂಕಿನ ಗುಣ ತಿಳಿಯುವುದು ಬೆಳೆಗಾರರಿಗೆ. ಕಾಫಿಯನ್ನು ಸಂಸ್ಕರಿಸದೆ ಮಾರಿದರೆ ಆದಾಯ ಪೂರ್ತಿ ಕೃಷಿಯದು. ಬೆಳೆದವರೇ ಕ್ಯೂರಿಂಗ್ (ಸಿಪ್ಪೆ ತೆಗೆದು ಬೀಜ ಹಸನುಗೊಳಿಸುವುದು) ಮಾಡಿಸಿ ಮಾರಿದರೂ ಆದಾಯ ತೆರಿಗೆಯ ನಿಯಮದಂತೆ ಶೇ 25ರಷ್ಟನ್ನು ಮಾತ್ರ ವ್ಯವಹಾರದ ಆದಾಯ ಎಂದು ಪರಿಗಣಿಸಲಾಗುತ್ತದೆ. ಹೀಗಾಗಿ ಉತ್ತಮ ತೋಟವಿರುವವರ ರಿಟರ್ನ್ ಕೂಡ ತೆಳುವಾಗಿ ಕಾಣುತ್ತದೆ, ಸಂಬಳದ ಚೀಟಿಯನ್ನಷ್ಟೇ ಓದಬಲ್ಲ ವ್ಯವಸ್ಥೆ ಅವರ ಅರ್ಜಿಯನ್ನು ತಳ್ಳಿಹಾಕುತ್ತದೆ. ತಿರಸ್ಕರಿಸಿದರೆ ನಿರ್ದಿಷ್ಟ ಕಾರಣವನ್ನು ಲಿಖಿತವಾಗಿ ತಿಳಿಸಬೇಕೆಂದು ರಿಸರ್ವ್ ಬ್ಯಾಂಕಿನ 2022ರ ನಿರ್ದೇಶನ ಹೇಳುತ್ತದೆ. ಆ ಕಾರಣವನ್ನು ಕೇಳಿ ಪಡೆಯಿರಿ. ಕೃಷಿ ಆದಾಯದ ವಿವರವನ್ನೂ ಬ್ಯಾಂಕ್ ಖಾತೆಯ ವಹಿವಾಟನ್ನೂ ನೋಡಿ ನಿರ್ಧರಿಸುವ ಬ್ಯಾಂಕು ಮುಂದೆಯೂ ನಿಮ್ಮ ಮಾತಿಗೆ ಕಿವಿಗೊಡುವ ಸಾಧ್ಯತೆ ಹೆಚ್ಚು. ಎಲ್ಲಿಯೂ ಆಗದಿದ್ದರೆ ನಿಶ್ಚಿತ ಠೇವಣಿಯ ಮೇಲೆ ಕಾರ್ಡ್ ಪಡೆಯಬಹುದು.

ಬಿಲ್ಲಿನ ದಿನಾಂಕದ ಬಗ್ಗೆಯೂ ಮೊದಲೇ ಮಾತಾಡಿಕೊಳ್ಳಬೇಕು. ವರ್ಷಕ್ಕೊಮ್ಮೆ ದುಡ್ಡು ಕಾಣುವವರಿಗೆ ತಿಂಗಳ ಬಿಲ್ ಕಟ್ಟುವ ಶಿಸ್ತು ಸುಲಭವಲ್ಲ, ಮತ್ತು ಕನಿಷ್ಠ ಮೊತ್ತವನ್ನಷ್ಟೇ ಕಟ್ಟಿದರೆ ಬಡ್ಡಿರಹಿತ ಅವಧಿ ತಪ್ಪಿಹೋಗಿ ಹಲವು ಕಾರ್ಡುಗಳಲ್ಲಿ ತಿಂಗಳಿಗೆ ಶೇ 3ರಿಂದ 3.75ರಷ್ಟು ಬಡ್ಡಿ ಬೀಳುತ್ತದೆ. ಬಿಲ್ಲಿನ ಅವಧಿಯನ್ನು ಬದಲಿಸಿಕೊಳ್ಳುವ ಅವಕಾಶ ಗ್ರಾಹಕರಿಗೆ ಇದೆ. ಬಿಲ್ ತಲುಪಿದ ಮೇಲೆ ಕಟ್ಟಲು ಕನಿಷ್ಠ ಎರಡು ವಾರಗಳಾದರೂ ಸಿಗುವಂತೆ ಕಳುಹಿಸಬೇಕೆಂಬ ನಿಯಮವೂ ಇದೆ. ಕೊನೆಯ ದಿನಾಂಕ ಕಳೆದು 3 ದಿನ ಮೀರಿದ ಮೇಲಷ್ಟೇ ಖಾತೆಯನ್ನು ಸುಸ್ತಿ ಎಂದು ಗುರುತಿಸಿ ತಡಪಾವತಿ ಶುಲ್ಕ ಹಾಕಬಹುದು. ಮಳೆಯಲ್ಲಿ ಎರಡು ದಿನ ನೆಟ್‌ವರ್ಕ್ ಹೋದವರಿಗೆ ಈ 3 ದಿನಗಳ ಬೆಲೆ ಗೊತ್ತು, ಶುಲ್ಕ ಬಿದ್ದರೆ ಈ ನಿಯಮವನ್ನು ಹೆಸರಿಸಿ ಬರೆಯಿರಿ. ವಸೂಲಿಗಾಗಿ ಬೆಳಿಗ್ಗೆ 8ಕ್ಕೆ ಮೊದಲು ಅಥವಾ ಸಂಜೆ 7ರ ನಂತರ ಕರೆ ಮಾಡುವಂತಿಲ್ಲ.

ದೂರು ಕೊಟ್ಟ ಮೇಲಿನ ದಾರಿ ಹೀಗಿದೆ. ಫೋನಿನಲ್ಲಿ ಎಷ್ಟೇ ಮಾತಾಡಿದ್ದರೂ ಕೊನೆಗೆ ಬರಹದಲ್ಲಿ ದೂರು ಕೊಟ್ಟು ಸಂಖ್ಯೆ ಪಡೆಯಿರಿ, ಅಲ್ಲಿಂದ 30 ದಿನಗಳ ಲೆಕ್ಕ ಆರಂಭವಾಗುತ್ತದೆ. ವಂಚನೆಯೆಂದು ನೀವು ವಿವಾದಕ್ಕೆತ್ತಿಕೊಂಡ ವಹಿವಾಟಿನ ಮೇಲೆ ಅದು ಇತ್ಯರ್ಥವಾಗುವವರೆಗೆ ಶುಲ್ಕ ಹಾಕುವಂತಿಲ್ಲ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಸಮಾಧಾನಕರವಲ್ಲದಿದ್ದರೆ, ತಡಮಾಡದೆ ಬ್ಯಾಂಕುಗಳ ಮೇಲಿನ ದೂರುಗಳನ್ನು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಬರೆಯಬಹುದು. 2021ರ ನವೆಂಬರ್‌ನಿಂದ ಇಡೀ ದೇಶಕ್ಕೆ ಒಂದೇ ವ್ಯವಸ್ಥೆ ಇದ್ದು, ಆನ್‌ಲೈನ್ ಮೂಲಕವೂ ಚಂಡೀಗಢದ ಕೇಂದ್ರಕ್ಕೆ ಅಂಚೆಯ ಮೂಲಕವೂ ದೂರು ಸಲ್ಲಿಸಬಹುದು. ಶುಲ್ಕವಿಲ್ಲ, ವಕೀಲರ ಅಗತ್ಯವಿಲ್ಲ. 14448ಕ್ಕೆ ಕರೆ ಮಾಡಿದರೆ ಕನ್ನಡದಲ್ಲಿಯೂ ಮಾಹಿತಿ ಸಿಗುತ್ತದೆ. ಬ್ಯಾಂಕಿಗೆ ಮೊದಲು ಬರೆಯದೆ ನೇರವಾಗಿ ಇಲ್ಲಿಗೆ ಬರೆದರೆ ಮಾತ್ರ ದೂರು ನಿಲ್ಲುವುದಿಲ್ಲ.

ಕೊನೆಯದಾಗಿ ನಾನು ನೋಡುವುದು, ಕಾರ್ಡ್ ಬೇಡವೆಂದವರನ್ನು ಬ್ಯಾಂಕು ಹೇಗೆ ನಡೆಸಿಕೊಳ್ಳುತ್ತದೆ ಎಂಬುದನ್ನು. ಬಾಕಿ ಪೂರ್ತಿ ಕಟ್ಟಿದ ಗ್ರಾಹಕರು ಕಾರ್ಡ್ ಮುಚ್ಚಲು ಕೇಳಿದರೆ 7 ಕೆಲಸದ ದಿನಗಳೊಳಗೆ ಮುಚ್ಚಬೇಕು, ತಪ್ಪಿದರೆ ತಡವಾದ ಪ್ರತಿ ದಿನಕ್ಕೆ 500 ರೂಪಾಯಿಯನ್ನು ಗ್ರಾಹಕರಿಗೇ ಕೊಡಬೇಕು. ಸಹಾಯವಾಣಿ, ಇಮೇಲ್, ಜಾಲತಾಣ, ಆ್ಯಪ್ ಎಲ್ಲದರ ಮೂಲಕವೂ ಕೋರಿಕೆ ಸ್ವೀಕರಿಸಬೇಕು, ಅಂಚೆಯಲ್ಲಿಯೇ ಪತ್ರ ಕಳುಹಿಸಿ ಎಂದು ಹಟ ಹಿಡಿಯುವಂತಿಲ್ಲ. ಮುಚ್ಚುವ ಕೊಂಡಿ ಜಾಲತಾಣದಲ್ಲಿ ಎಲ್ಲಿದೆ ಎಂಬುದನ್ನು ಅರ್ಜಿ ಹಾಕುವ ದಿನವೇ ಹುಡುಕಿ ನೋಡಿ. ಅರ್ಜಿಯ ಗುಂಡಿ ಮುಖಪುಟದಲ್ಲಿದ್ದು ಮುಚ್ಚುವ ಕೊಂಡಿ ಸಿಗದಿದ್ದರೆ ಆ ಕಾರ್ಡನ್ನು ನಾನು ಯಾರಿಗೂ ಸೂಚಿಸುವುದಿಲ್ಲ. ಮುಚ್ಚಿದ ಮೇಲೆ ದೃಢೀಕರಣವನ್ನು ತೆಗೆದಿಟ್ಟುಕೊಂಡು, ಒಂದೆರಡು ತಿಂಗಳ ನಂತರ ನಿಮ್ಮ ಸಾಲ, ಕಾರ್ಡುಗಳ ದಾಖಲೆಯಾದ ಕ್ರೆಡಿಟ್ ವರದಿಯಲ್ಲಿ ಆ ಖಾತೆ ಮುಚ್ಚಿದೆ ಎಂದೇ ದಾಖಲಾಗಿದೆಯೇ ಎಂದು ಪರಿಶೀಲಿಸಿ. ವರ್ಷಕ್ಕೊಂದು ಪೂರ್ಣ ವರದಿಯನ್ನು ಪ್ರತಿ ಕ್ರೆಡಿಟ್ ಮಾಹಿತಿ ಸಂಸ್ಥೆಯೂ ಉಚಿತವಾಗಿ ಕೊಡುತ್ತದೆ, ಅದರಲ್ಲಿನ ತಪ್ಪಿನ ಬಗ್ಗೆ ಕೊಟ್ಟ ದೂರು 30 ದಿನಗಳಲ್ಲಿ ಇತ್ಯರ್ಥವಾಗದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಪಡೆಯುವ ಹಕ್ಕೂ ನಿಮಗಿದೆ.