ಹೊಟ್ಟೆ ತುಂಬಿದೆ, ಆದರೂ ಮನಸ್ಸು ಕೇಳುತ್ತದೆ

ರಾತ್ರಿ ಊಟ ಮುಗಿದಿದೆ. ತರಕಾರಿ, ಕಾಳು ಎಲ್ಲ ಇದ್ದ ಒಳ್ಳೆಯ ಊಟ. ಹೊಟ್ಟೆಯಲ್ಲಿ ಜಾಗವಿಲ್ಲ. ಆದರೂ ಸ್ವಲ್ಪ ಹೊತ್ತಿಗೆ ಕಪಾಟಿನೊಳಗಿನ ಚಾಕೊಲೇಟ್ ನೆನಪಾಗುತ್ತದೆ. ಹಾಳೆ ಬಿಚ್ಚುವಾಗಿನ ಆ ಚರಚರ ಸದ್ದಿಗೇ ಬಾಯಲ್ಲಿ ನೀರೂರುತ್ತದೆ. ಮೊದಲ ತುಂಡು ತುಂಬ ರುಚಿ. ಐದನೆಯದಕ್ಕೆ ಬರುವಷ್ಟರಲ್ಲಿ ಅಂಥ ರುಚಿಯೇನೂ ಉಳಿದಿರುವುದಿಲ್ಲ, ಆದರೆ ಕೈ ನಿಲ್ಲುವುದಿಲ್ಲ. ಆಮೇಲೆ ಬೇಜಾರು. ನನಗೆ ಮನಸ್ಸಿನ ಮೇಲೆ ಹಿಡಿತವೇ ಇಲ್ವಾ ಅಂತ.

ಈ ಬೇಜಾರು ಬೇಡ ಅನ್ನುವುದಕ್ಕೇ ಇದನ್ನು ಬರೆಯುತ್ತಿದ್ದೇನೆ. ಆ ಸದ್ದಿನಲ್ಲೇ ಇದರ ಗುಟ್ಟಿದೆ.

ನರವಿಜ್ಞಾನಿ ವುಲ್ಫ್‌ರಾಮ್ ಶುಲ್ಟ್ಸ್ ಕೋತಿಗಳ ಮಿದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕದ ಮೂಲಕ ಸಂದೇಶ ಕಳಿಸುವ ಕೋಶಗಳನ್ನು ವರ್ಷಗಟ್ಟಲೆ ಗಮನಿಸಿದವರು. ಕೋತಿಯ ಬಾಯಿಗೆ ಹಣ್ಣಿನ ರಸದ ಹನಿ ಬಿದ್ದಾಗ ಈ ಕೋಶಗಳು ಚುರುಕಾಗುತ್ತಿದ್ದವು. ಆಮೇಲೆ ರಸ ಕೊಡುವ ಮುಂಚೆ ಪ್ರತಿ ಸಲ ಒಂದು ಸೂಚನೆ ಕೊಡತೊಡಗಿದರು. ಕೋತಿ ಅದನ್ನು ಕಲಿತ ಮೇಲೆ ಕೋಶಗಳು ಸೂಚನೆಗೇ ಚುರುಕಾದವು, ರಸ ಬಂದಾಗ ಸುಮ್ಮನಿದ್ದವು. ಸೂಚನೆ ಕೊಟ್ಟೂ ರಸ ಕೊಡದಿದ್ದರೆ? ಸರಿಯಾಗಿ ರಸ ಬರಬೇಕಿದ್ದ ಹೊತ್ತಿಗೆ ಅವುಗಳ ಚಟುವಟಿಕೆ ಇಳಿದುಹೋಯಿತು. ಚಾಕೊಲೇಟ್ ಹಾಳೆಯ ಸದ್ದು ನಮಗೆ ಅಂಥದೇ ಸೂಚನೆ.

ಇನ್ನೊಬ್ಬ ವಿಜ್ಞಾನಿ ಕೆಂಟ್ ಬೆರಿಡ್ಜ್ ಇಲಿಗಳಲ್ಲಿ ಕಂಡದ್ದು ಇನ್ನೂ ಅಚ್ಚರಿಯದು. ಡೋಪಮೈನ್ ಹೆಚ್ಚುಕಡಿಮೆ ಇಲ್ಲವಾದ ಇಲಿಗಳು ಎದುರಿಗೆ ಆಹಾರವಿದ್ದರೂ ತಿನ್ನುತ್ತಿರಲಿಲ್ಲ. ಆದರೆ ಸಕ್ಕರೆ ನೀರನ್ನು ಬಾಯಿಗೆ ಬಿಟ್ಟರೆ ಎಂದಿನಂತೆ ತುಟಿ ಚಪ್ಪರಿಸುತ್ತಿದ್ದವು! ಅಂದರೆ 'ಬೇಕು' ಅನ್ನಿಸುವುದು ಬೇರೆ, 'ಚೆನ್ನಾಗಿದೆ' ಅನ್ನಿಸುವುದು ಬೇರೆ. ಐದನೆಯ ತುಂಡಿಗೆ ಕೈ ಹಾಕಿಸುವುದು ಈ 'ಬೇಕು'.

ತಿನಿಸಿನ ಪಾಲೂ ಇದರಲ್ಲಿದೆ. 2019ರಲ್ಲಿ ಅಮೆರಿಕದ ವಿಜ್ಞಾನಿ ಕೆವಿನ್ ಹಾಲ್ ಅವರ ತಂಡ 20 ಜನರಿಗೆ ಎರಡು ವಾರ ಕಾರ್ಖಾನೆಯಲ್ಲಿ ತಯಾರಾದ ಆಹಾರ, ಎರಡು ವಾರ ಸಾದಾ ಆಹಾರ ಬಡಿಸಿತು. ಎರಡರಲ್ಲೂ ಸಕ್ಕರೆ, ಕೊಬ್ಬು, ಉಪ್ಪು, ನಾರು ಸಮ. ಬೇಕಾದಷ್ಟು ತಿನ್ನಬಹುದಿತ್ತು. ರುಚಿಗೆ ಜನ ಕೊಟ್ಟ ಅಂಕಗಳಲ್ಲೂ ಅಂಥ ವ್ಯತ್ಯಾಸವಿರಲಿಲ್ಲ. ಆದರೂ ಕಾರ್ಖಾನೆ ಆಹಾರದ ದಿನಗಳಲ್ಲಿ ಅವರು ದಿನಕ್ಕೆ ಸುಮಾರು 500 ಕ್ಯಾಲೊರಿ ಜಾಸ್ತಿ ತಿಂದರು, ಬೇಗ ಬೇಗನೂ ತಿಂದರು.

ಹಾಗಾದರೆ ಪೂರ್ತಿ ಬಿಟ್ಟುಬಿಡೋಣ ಅಂತ ಹೊರಟರೆ ಇನ್ನೊಂದು ತೊಂದರೆ. 1944–45ರಲ್ಲಿ ಅಮೆರಿಕದ ಮಿನೆಸೋಟದಲ್ಲಿ ವಿಜ್ಞಾನಿ ಆನ್ಸೆಲ್ ಕೀಸ್ ನಡೆಸಿದ ಪ್ರಯೋಗದಲ್ಲಿ 36 ಆರೋಗ್ಯವಂತ ಯುವಕರ ಊಟವನ್ನು ಆರು ತಿಂಗಳು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸಲಾಯಿತು. ಅವರಿಗೆ ಊಟದ್ದೇ ಧ್ಯಾನ, ಊಟದ್ದೇ ಕನಸು. ಕೆಲವರು ಅಡುಗೆ ಪುಸ್ತಕಗಳನ್ನು ಹಿಡಿದು ಕೂತರು. ನಾವು ಬೆಳಗಿನ ತಿಂಡಿ ಬಿಟ್ಟು, ಮಧ್ಯಾಹ್ನ ಒಂದಿಷ್ಟು ಸೊಪ್ಪು ತಿಂದು, ರಾತ್ರಿ ಸೋತೆವು ಅಂತ ಅಳುವಾಗ ಆ ಯುವಕರನ್ನು ನೆನೆಯಬೇಕು. ನಿದ್ದೆಗೆಟ್ಟರೂ ಹಸಿವು ಹೆಚ್ಚುತ್ತದೆ.

ಆಸೆ ಬಂದಾಗ ಮನಸ್ಸು ಆ ತಿನಿಸಿನ ಚಿತ್ರ ಬರೆಯುತ್ತಿರುತ್ತದೆ. ಬಣ್ಣ, ವಾಸನೆ, ಕರಗುವ ಬಗೆ. ಅದೇ ಹೊತ್ತಿಗೆ ಕಣ್ಣಿಗೆ ಬೇರೆ ಕೆಲಸ ಕೊಟ್ಟರೆ ಚಿತ್ರ ಮಸುಕಾಗುತ್ತದೆ. ಬ್ರಿಟನ್ನಿನ ಪ್ಲಿಮತ್ ವಿಶ್ವವಿದ್ಯಾಲಯದವರು ಜನರಿಂದ ಮೂರೇ ನಿಮಿಷ ಟೆಟ್ರಿಸ್ (ಮೇಲಿನಿಂದ ಬೀಳುವ ತುಂಡುಗಳನ್ನು ಜೋಡಿಸುವ ವಿಡಿಯೊ ಆಟ) ಆಡಿಸಿ ನೋಡಿದರು. ಆಸೆಯ ಬಿಸಿ ಇಳಿಯಿತು. ಪೂರ್ತಿ ಹೋಗಲಿಲ್ಲ, ಇಳಿಯಿತು. ಅಷ್ಟೇ ಸಾಕಾಗುವ ರಾತ್ರಿಗಳು ಎಷ್ಟೋ ಇವೆ.

ನಾನೀಗ ಊಟವಾದ ತಕ್ಷಣವೇ ಎರಡು ತುಂಡು ಮುರಿದು ತಟ್ಟೆಗೆ ಹಾಕಿಕೊಳ್ಳುತ್ತೇನೆ. ಹಾಳೆ ಮಡಿಸಿ ಕಪಾಟಿನೊಳಗಿಟ್ಟು ಬಂದು, ಕೂತು, ನಿಧಾನವಾಗಿ ತಿನ್ನುತ್ತೇನೆ. ಕೆಲವು ದಿನ ಮತ್ತೆ ಎದ್ದು ಹೋಗಿ ಮೂರನೆಯದನ್ನೂ ತರುತ್ತೇನೆ. ಮರುದಿನ ಬೆಳಗಿನ ತಿಂಡಿ ಮಾತ್ರ ಬಿಡುವುದಿಲ್ಲ.