ಊರಿನ ಬಾಗಿಲೆಲ್ಲ ಒಂದೇ ನೀಲಿ ಯಾಕೆ?

ಪ್ರಶ್ನೆ: ಮಗಳನ್ನು ನೋಡಲು ಇಂಗ್ಲೆಂಡಿಗೆ ಹೋಗಿದ್ದೆವು. ಡರ್ಬಿಶೈರಿನ ಚಾಟ್ಸ್‌ವರ್ತ್ ಅರಮನೆ ನೋಡಿ ಪಕ್ಕದ ಹಳ್ಳಿಗಳಲ್ಲಿ ಅಡ್ಡಾಡಿದೆವು. ಮನೆ ಮನೆಯ ಬಾಗಿಲು, ಕಿಟಕಿಗೂ ಒಂದೇ ನೀಲಿ ಬಣ್ಣ. ಇವೆಲ್ಲ ಡ್ಯೂಕ್ ಮನೆತನದ್ದು ಅಂದರು. ಇಡೀ ಊರು ಒಂದೇ ಮನೆತನಕ್ಕೆ ಸೇರಿರುವುದು ನಿಜವಾ? ಅದು ಹೇಗೆ ಸಾಧ್ಯ?

ಉತ್ತರ: ನಿಜ. ಆ ನೀಲಿ ಬಣ್ಣ ಚಾಟ್ಸ್‌ವರ್ತ್ ಎಸ್ಟೇಟಿನ ಗುರುತು. ಎಸ್ಟೇಟ್ ಅಂದರೆ ನಮಗೆ ಕೊಡಗಿನ ಕಾಫಿ ತೋಟ ನೆನಪಾಗುತ್ತದೆ. ಇಂಗ್ಲೆಂಡಿನಲ್ಲಿ ಆ ಮಾತಿನ ಹರವು ದೊಡ್ಡದು. ಅರಮನೆ, ಹೊಲ, ಕಾಡು, ನದಿಯ ದಂಡೆ, ಕಲ್ಲುಗಣಿ, ಹೋಟೆಲು, ಹಳ್ಳಿಯ ಮನೆಗಳು, ಎಲ್ಲವೂ ಸೇರಿ ಒಂದು ಎಸ್ಟೇಟು. ನೀವು ನೋಡಿದ್ದು ಡೆವನ್‌ಶೈರ್ ಡ್ಯೂಕ್‌ಗಳಾದ ಕ್ಯಾವೆಂಡಿಶ್ ಮನೆತನದ್ದು.

ಶುರುವಾಗಿದ್ದು 1549ರಲ್ಲಿ. ಇಂಗ್ಲೆಂಡಿನ ದೊರೆ ಎಂಟನೇ ಹೆನ್ರಿ ಕ್ರೈಸ್ತ ಮಠಗಳನ್ನು ಮುಚ್ಚಿಸಿದಾಗ ಆ ಕೆಲಸ ನಡೆಸಿದ ಅಧಿಕಾರಿಗಳಲ್ಲಿ ವಿಲಿಯಂ ಕ್ಯಾವೆಂಡಿಶ್ ಒಬ್ಬರು. ಅದರಿಂದ ಅವರ ಕೈಗೆ ಬೇಕಾದಷ್ಟು ಜಮೀನು ಬಂತು. ಹೆಂಡತಿ ಬೆಸ್ ಡರ್ಬಿಶೈರಿನವರು. ಅವರ ಒತ್ತಾಯಕ್ಕೆ ದಕ್ಷಿಣದ ಜಮೀನು ಮಾರಿ ಚಾಟ್ಸ್‌ವರ್ತ್ ಕೊಂಡರು.

ಅಲ್ಲಿಂದ ಸುಮಾರು 475 ವರ್ಷ ಆಸ್ತಿ ಚೂರಾಗದೆ ಉಳಿದಿದ್ದು ಹೇಗೆ? ಜಮೀನನ್ನು ಮಕ್ಕಳೆಲ್ಲ ಹಂಚಿಕೊಳ್ಳುವಂತಿರಲಿಲ್ಲ. ಅದು ಹಿರಿಯ ಮಗನಿಗೆ ಮಾತ್ರ. ಅವನೂ ಬೇಕೆಂದಾಗ ಮಾರುವಂತಿರಲಿಲ್ಲ. ಬದುಕಿರುವವರೆಗೆ ಗೇಣಿ ತಿಂದು, ಮುಂದಿನ ವಾರಸುದಾರನಿಗೆ ದಾಟಿಸಬೇಕು, ಅಷ್ಟೇ. ಇಂಥ ಕಟ್ಟು ಹಾಕಿದ ಪತ್ರಗಳು ದೊಡ್ಡ ಮನೆತನಗಳಲ್ಲೆಲ್ಲ ಇದ್ದವು. 1882ರ ಕಾನೂನು ಬಂದಮೇಲೆ ಮಾರುವುದು ಸುಲಭವಾಯಿತು.

ಆದರೆ ಜಮೀನಿನ ಲೆಕ್ಕ ಹೇಳಿದರೆ ಈ ಮನೆತನದ ಕೈ ಎಷ್ಟು ದೂರ ಚಾಚಿತ್ತು ಅನ್ನುವುದು ತಿಳಿಯುವುದಿಲ್ಲ. ಅದಕ್ಕೆ ಎಡೆನ್ಸರ್ ಎಂಬ ಊರಿನ ಕಥೆ ಹೇಳಬೇಕು. ಬರೆಯುವುದು ಹಾಗೆ, ಅಲ್ಲಿನವರು ಕರೆಯುವುದು ‘ಎನ್ಸರ್’ ಅಂತ. 1086ರಲ್ಲಿ ಇಂಗ್ಲೆಂಡಿನ ಜಮೀನಿನ ಲೆಕ್ಕ ಬರೆಸಿದ ಡೂಮ್ಸ್‌ಡೇ ದಾಖಲೆಯಲ್ಲೇ ಇದರ ಹೆಸರಿದೆ. ಅಂದರೆ ಅರಮನೆಗಿಂತ ಊರು ಎಷ್ಟೋ ಹಳೆಯದು. ಮೊದಲು ಈ ಊರು ಡರ್ವೆಂಟ್ ನದಿಯ ಕಡೆಗೆ ಚಾಚಿಕೊಂಡಿತ್ತು. ಅರಮನೆಯ ಕಿಟಕಿಯಿಂದ ನೋಡಿದರೆ ಮನೆಗಳು ಕಾಣುತ್ತಿದ್ದವು.

18ನೇ ಶತಮಾನದ ನಡುವೆ ನಾಲ್ಕನೇ ಡ್ಯೂಕ್ ಅರಮನೆಯ ಸುತ್ತಲ ನೋಟವನ್ನೇ ಬದಲಿಸಲು ಹೊರಟರು. ಕೆಪಬಿಲಿಟಿ ಬ್ರೌನ್ ಎಂದೇ ಹೆಸರಾಗಿದ್ದ ಉದ್ಯಾನ ವಿನ್ಯಾಸಕಾರರನ್ನು ಕರೆಸಿದರು. ಅರಮನೆಯಿಂದ ಕಾಣುವ ಮನೆಗಳು ನೆಲಸಮವಾದವು. ಆಮೇಲೆ ಆರನೇ ಡ್ಯೂಕ್ 1838ರಿಂದ 1842ರ ಒಳಗೆ ಉಳಿದದ್ದನ್ನೂ ತೆಗೆಸಿ, ದಿಬ್ಬದ ಮರೆಯಲ್ಲಿ ಹೊಸ ಊರು ಕಟ್ಟಿಸಿದರು. ಇವತ್ತು ನಾವು ಫೋಟೋ ತೆಗೆಯುವ ಎಡೆನ್ಸರ್ ಇದೇ. ಒಂದು ಮನೆ ಸ್ವಿಸ್ ಥರ, ಇನ್ನೊಂದು ಇಟಲಿಯ ಥರ, ಮತ್ತೊಂದು ಟ್ಯೂಡರ್ ಕಾಲದ್ದರ ಥರ. ಡ್ಯೂಕ್ ನಕ್ಷೆಯ ಪುಸ್ತಕ ತಿರುವಿಹಾಕಿ ‘ಎಲ್ಲದರಲ್ಲೂ ಒಂದೊಂದು ಇರಲಿ’ ಅಂದರಂತೆ, ಹಾಗೊಂದು ಕಥೆ ಇದೆ. ಹಳೆಯ ಊರಿನದು ಒಂದು ಮನೆ ಮಾತ್ರ ಇವತ್ತಿಗೂ ಪಾರ್ಕಿನೊಳಗೆ ಒಂಟಿಯಾಗಿ ನಿಂತಿದೆ. ಮುಂದಿನ ಸಲ ಹೋದಾಗ ದಯವಿಟ್ಟು ಅದನ್ನು ಹುಡುಕಿ ನೋಡಿ.

ಹೊಸ ಮನೆಗಳು ಗಟ್ಟಿಯಾಗಿದ್ದವು, ಚೆನ್ನಾಗಿಯೂ ಇದ್ದವು. ಅದನ್ನು ಒಪ್ಪಲೇಬೇಕು. ಆದರೂ ನನಗೆ ಆ ಊರಿನ ಅಂದ ನೋಡುವಾಗ ‘ಒಕ್ಕಲೆಬ್ಬಿಸುವುದು’ ಅನ್ನುವ ನಮ್ಮ ಮಾತೇ ನೆನಪಾಗುತ್ತದೆ. ಮನೆ ಧಣಿಯದು. ಹೊಲ ಧಣಿಯದು. ಕೂಲಿ ಕೊಡುವವರೂ ಅವರೇ. ಹೀಗಿರುವಾಗ ‘ನಾವು ಏಳೋದಿಲ್ಲ’ ಅಂತ ಯಾರು ಹೇಳಿಯಾರು?

ಓಟಿನ ಕಥೆಯೂ ಇಷ್ಟೇ. 1872ರವರೆಗೆ ಇಂಗ್ಲೆಂಡಿನಲ್ಲಿ ಗುಟ್ಟಿನ ಮತದಾನ ಇರಲಿಲ್ಲ. ಯಾರಿಗೆ ಓಟು ಅಂತ ಎಲ್ಲರ ಎದುರೇ ಹೇಳಬೇಕಿತ್ತು. ಗೇಣಿದಾರ ಯಾರ ಹೆಸರು ಹೇಳುತ್ತಿದ್ದ ಅನ್ನುವುದನ್ನು ಬಿಡಿಸಿ ಹೇಳಬೇಕಿಲ್ಲ, ಅಲ್ವಾ? ಸಂಸತ್ತಿನಲ್ಲಿ ಡರ್ಬಿಶೈರಿಗಿದ್ದ ಎರಡು ಸ್ಥಾನಗಳಲ್ಲಿ ಒಂದರಲ್ಲಿ 18ನೇ ಶತಮಾನದ ಬಹುಕಾಲ ಕ್ಯಾವೆಂಡಿಶ್ ಮನೆತನದವರೇ ಕೂತಿದ್ದರು. ಎಷ್ಟೋ ಊರುಗಳಲ್ಲಿ ಚರ್ಚಿಗೆ ಪಾದ್ರಿಯನ್ನು ಹೆಸರಿಸುವ ಹಕ್ಕೂ ಧಣಿಯದೇ ಆಗಿತ್ತು.

ಈ ಮನೆತನ ನಮ್ಮ ಮನೆಗೂ ಬಂದಿದೆ ಅಂದರೆ ಅಚ್ಚರಿಯಾಗಬಹುದು. ಆರನೇ ಡ್ಯೂಕ್ ಬಳಿ ಜೋಸೆಫ್ ಪ್ಯಾಕ್ಸ್‌ಟನ್ ಎಂಬ ತೋಟಗಾರರಿದ್ದರು. 1830ರ ದಶಕದಲ್ಲಿ ಅವರು ಚಾಟ್ಸ್‌ವರ್ತ್‌ನ ಗಾಜಿನ ಮನೆಯಲ್ಲಿ ಒಂದು ಬಾಳೆ ಬೆಳೆಸಿದರು. ಅದಕ್ಕೆ ಧಣಿಯ ಮನೆತನದ ಹೆಸರೇ ಬಂತು. ನಾವು ತಿನ್ನುವ ಪಚ್ಚಬಾಳೆ, ನಮ್ಮ ರೈತರು ಹಾಕುವ ಜಿ-9, ಎರಡೂ ಕ್ಯಾವೆಂಡಿಶ್ ಗುಂಪಿನವೇ.

ಇವರ ಹಿಡಿತ ಸಡಿಲವಾಗಿದ್ದು 20ನೇ ಶತಮಾನದಲ್ಲಿ. ಯಜಮಾನ ಸತ್ತಾಗ ಆಸ್ತಿಯ ಮೇಲೆ ಬೀಳುವ ತೆರಿಗೆ ತಪ್ಪಿಸಲು ಹತ್ತನೇ ಡ್ಯೂಕ್ 1946ರಲ್ಲಿ ಆಸ್ತಿಯನ್ನು ಮುಂದಿನವರಿಗೆ ಬಿಟ್ಟುಕೊಟ್ಟಿದ್ದರು. ಅದಾದ ಮೇಲೆ ಐದು ವರ್ಷ ಬದುಕಿರಬೇಕಿತ್ತು. 1950ರ ನವೆಂಬರಿನಲ್ಲಿ, ಗಡುವಿಗೆ ಕೆಲವೇ ವಾರ ಇರುವಾಗ ತೀರಿಕೊಂಡರು. ಶೇಕಡ 80ರಷ್ಟು ತೆರಿಗೆ ಬಿತ್ತು. ಸಾವಿರಾರು ಎಕರೆ ಜಮೀನು, ಹೆಸರಾಂತ ಚಿತ್ರಗಳು, ಹಾರ್ಡ್‌ವಿಕ್ ಹಾಲ್ ಎಂಬ ಇನ್ನೊಂದು ಅರಮನೆ, ಎಲ್ಲ ಕೈಬಿಟ್ಟವು. 1981ರಿಂದ ಚಾಟ್ಸ್‌ವರ್ತ್ ಅರಮನೆಯನ್ನು ನೋಡಿಕೊಳ್ಳುತ್ತಿರುವುದು ಒಂದು ಟ್ರಸ್ಟ್. ಹಳ್ಳಿಗಳ ಬಹುಪಾಲು ಮನೆಗಳು ಮಾತ್ರ ಈಗಲೂ ಎಸ್ಟೇಟಿನವೇ. ಬಾಡಿಗೆಗಿರುವವರಲ್ಲಿ ಅಲ್ಲಿ ಕೆಲಸ ಮಾಡುವವರು, ಮಾಡಿ ನಿವೃತ್ತರಾದವರು ಎಷ್ಟೋ ಮಂದಿ.

ಜನ ಎದುರು ನಿಂತದ್ದೂ ಉಂಟು. ಚಾಟ್ಸ್‌ವರ್ತ್‌ನಿಂದ ವಾಯವ್ಯಕ್ಕೆ ಕಿಂಡರ್ ಸ್ಕೌಟ್ ಎಂಬ ಬೆಟ್ಟದ ಬಯಲಿದೆ. ಗ್ರೌಸ್ ಎಂಬ ಹಕ್ಕಿಯ ಬೇಟೆಗೆ ಮೀಸಲಿಟ್ಟಿದ್ದ ಅಲ್ಲಿನ ಡ್ಯೂಕ್ ಜಮೀನಿಗೆ ಬೇರೆ ಯಾರೂ ಕಾಲಿಡುವಂತಿರಲಿಲ್ಲ. 1932ರ ಏಪ್ರಿಲ್ 24ರಂದು, ವಾರವಿಡೀ ಕಾರ್ಖಾನೆಗಳಲ್ಲಿ ದುಡಿದ ಮ್ಯಾಂಚೆಸ್ಟರ್ ಕಡೆಯ ನೂರಾರು ಯುವಕ ಯುವತಿಯರು ಬೇಕೆಂತಲೇ ಅಲ್ಲಿಗೆ ನಡೆದರು. ಮುಂದೆ ನಿಂತಿದ್ದ ಬೆನ್ನಿ ರಾತ್‌ಮನ್‌ಗೆ ಆಗ 20 ವರ್ಷ. ಕಾವಲುಗಾರರ ಜೊತೆ ಜಗಳವಾಯಿತು. ರಾತ್‌ಮನ್ ಸೇರಿ ಐವರಿಗೆ ಜೈಲಾಯಿತು. 1951ರಲ್ಲಿ ಅದೇ ಸೀಮೆ ಬ್ರಿಟನ್ನಿನ ಮೊದಲ ರಾಷ್ಟ್ರೀಯ ಉದ್ಯಾನವಾಯಿತು. ಇಂಥ ಬೆಟ್ಟ ಬಯಲುಗಳಲ್ಲಿ ನಡೆದಾಡುವ ಹಕ್ಕನ್ನು 2000ದಲ್ಲಿ ಕಾನೂನೇ ಕೊಟ್ಟಿತು.

2002ರ ಏಪ್ರಿಲಿನಲ್ಲಿ, ಆ ನಡಿಗೆಗೆ 70 ವರ್ಷ ತುಂಬಿದಾಗ, ಹನ್ನೊಂದನೇ ಡ್ಯೂಕ್ ಆಂಡ್ರ್ಯೂ ಕ್ಯಾವೆಂಡಿಶ್ ಬೆಟ್ಟದ ಬುಡದಲ್ಲಿ ನಡಿಗೆಯ ಬಳಗದವರ ಎದುರು ನಿಂತರು. ತಮ್ಮ ಅಜ್ಜ ಮಾಡಿದ್ದು ತಪ್ಪು ಎಂದು ಕ್ಷಮೆ ಕೇಳಿದರು. ಅದನ್ನು ಕೇಳಲು ಬೆನ್ನಿ ರಾತ್‌ಮನ್ ಇರಲಿಲ್ಲ. ಅದೇ ಜನವರಿಯಲ್ಲಿ, ತಮ್ಮ 90ನೇ ವಯಸ್ಸಿನಲ್ಲಿ, ತೀರಿಕೊಂಡಿದ್ದರು.